‘ಇತರೆ’ ಎಂಬ ಫೋಲ್ಡರ್

ಸೊರಬದಲ್ಲಿ ನನಗೆ ‘ಕಂಪ್ಯೂಟರ್ ಮೇಡಂ’ ಎಂಬ ಹೆಸರಿದೆ. ನಾನು ಅಲ್ಲಿನ ಒಂದು ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಹಾಜರಿ, ಟಿ.ಸಿ., ಬಂದ ಪತ್ರ ಹೋದ ಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನನಗೆ ಬರುವುದು ಒಂದೇ ಸಾಲು. ಆ ಒಂದು ಸಾಲಿನಿಂದ ಈ ಹೆಸರು ಬಂತು, ಅದೇ ಸಾಲಿನಿಂದ ನಮ್ಮ ಹೆಡ್‌ಮಾಸ್ಟರ್‌ಗೆ ವರ್ಗವಾಯಿತು, ಅದರಿಂದಲೇ ನನಗೆ ಆಗಲಿಲ್ಲ.

ಸಾಲು ಕಲಿತದ್ದು ಶಿಕಾರಿಪುರದಲ್ಲಿ. ನೌಕರರೆಲ್ಲ ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಲೇಬೇಕು, ಇಲ್ಲದಿದ್ದರೆ ಬಡ್ತಿ ಇಲ್ಲ ಎಂದು ಆದೇಶ ಬಂದಾಗ ನಾನು ಬೀಜದಂಗಡಿಯೊಂದರ ಮಹಡಿಯ ಮೇಲಿದ್ದ ತರಗತಿಗೆ ಸೇರಿದೆ. ಭಾನುವಾರ ಬೆಳಿಗ್ಗೆ ಪಾಠ. ಕಲಿಸುತ್ತಿದ್ದವಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ಡಿಪ್ಲೊಮಾ ಮುಗಿಸಿದ್ದಳು. ತರಗತಿಯ ಕಂಪ್ಯೂಟರುಗಳಿಗೆ ವೈರಸ್ ಹಿಡಿದಿತ್ತು. ಯಾವ ಪೆನ್‌ಡ್ರೈವ್ ಹಾಕಿದರೂ ಅದರೊಳಗಿನ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಬಾಗಿದ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕೂತಿರುತ್ತಿದ್ದವು. ಹೀಗಾಗಿ ಅವಳು ಪ್ರತಿ ಪಾಠದ ಮೊದಲ ಅರ್ಧ ಗಂಟೆ ಮಾಯವಾದದ್ದನ್ನು ವಾಪಸು ತರುವುದರಲ್ಲೇ ಕಳೆಯುತ್ತಿದ್ದಳು. ಪರದೆಯ ಮೇಲೆ ಒಂದು ಕಪ್ಪು ಚೌಕ ತೆರೆದು, ಎಲ್ಲರಿಗೂ ಗಟ್ಟಿಯಾಗಿ ಹೇಳಿಕೊಡುತ್ತಿದ್ದಳು.

“ಆಟ್ರಿಬ್. ಸ್ಪೇಸ್. ಮೈನಸ್ ಎಚ್. ಸ್ಪೇಸ್. ಮೈನಸ್ ಆರ್. ಸ್ಪೇಸ್. ಮೈನಸ್ ಎಸ್. ಸ್ಪೇಸ್ ಮರೀಬ್ಯಾಡ್ರಿ, ಸ್ಪೇಸ್ ಮರೆತ್ರ ಏನೂ ಆಗಂಗಿಲ್ಲ.”

ಅರ್ಥವನ್ನೂ ಹೇಳಿದ್ದಳು. ಪ್ರತಿಯೊಂದು ಫೈಲಿಗೂ ಕೆಲವು ಗುಣಗಳನ್ನು ಅಂಟಿಸಬಹುದಂತೆ. ಎಚ್ ಅಂಟಿಸಿದರೆ ಫೈಲು ಕಣ್ಣಿಗೆ ಕಾಣುವುದಿಲ್ಲ. ಆರ್ ಅಂಟಿಸಿದರೆ ಓದಬಹುದು, ತಿದ್ದಲು ಬಿಡುವುದಿಲ್ಲ. ಎಸ್ ಅಂಟಿಸಿದರೆ ಅದು ಯಂತ್ರದ ಸ್ವಂತ ಆಸ್ತಿ ಎಂದು ತಿಳಿದು ಯಾರೂ ಮುಟ್ಟುವುದಿಲ್ಲ. ಮೈನಸ್ ಹಾಕಿದರೆ ಅಂಟಿದ್ದು ಕಳಚುತ್ತದೆ, ಪ್ಲಸ್ ಹಾಕಿದರೆ ಅಂಟುತ್ತದೆ. ಕೊನೆಗೆ ಓರೆಗೆರೆ ಹಾಕಿ ಇನ್ನೆರಡು ಅಕ್ಷರ ಸೇರಿಸಿದರೆ ಫೋಲ್ಡರಿನೊಳಗೆ ಫೋಲ್ಡರ್ ಇದ್ದರೂ ಎಲ್ಲಕ್ಕೂ ಅನ್ವಯ.

“ಫೈಲು ಸತ್ತಿಲ್ಲ ನೋಡ್ರಿ. ಅಡಗಿ ಕುಂತಾವ ಅಷ್ಟ,” ಎಂದು ಅವಳು ಸಮಾಧಾನ ಹೇಳುತ್ತಿದ್ದಳು.

ಪರೀಕ್ಷೆಗೆ ಬೇಕಾದದ್ದು ಬೇರೆಯೇ ಇತ್ತು. ಅದನ್ನು ನಾನು ಉರು ಹೊಡೆದು ಪಾಸಾದೆ, ಆಮೇಲೆ ಮರೆತೆ. ಪಠ್ಯದಲ್ಲೇ ಇಲ್ಲದ ಈ ಸಾಲು ಮಾತ್ರ ಉಳಿಯಿತು.

ಹೆಡ್‌ಮಾಸ್ಟರ ಬಗ್ಗೆ ಈಗ ಹೇಳಬೇಕು. ಅವರೂ ಶಿಕಾರಿಪುರದವರೇ. ಹೆಂಡತಿ ಅಲ್ಲಿ ನರ್ಸ್. ಆದರೆ ನೌಕರ ಕೆಲಸದ ಊರಲ್ಲೇ ವಾಸ ಮಾಡಬೇಕು, ಅದೇ ಕೇಂದ್ರಸ್ಥಾನದ ನಿಯಮ ಎಂದು ಅವರು ಸೊರಬದಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಶನಿವಾರ ಶಾಲೆ ಮುಗಿದ ಮೇಲೆ ಊರಿಗೆ ಹೋಗಿ, ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ನಾನು ದಿನವೂ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಓಡಾಡುವವಳು. ನನ್ನ ಗಂಡನ ಮೋಟಾರ್ ವೈಂಡಿಂಗ್ ಅಂಗಡಿ ಶಿಕಾರಿಪುರದಲ್ಲಿದೆ, ಅತ್ತೆಗೆ ಮಂಡಿನೋವು. ಇದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಸ್ಸು ತಡವಾದ ದಿನ ಮೆಮೊ ಕೊಡುತ್ತಿದ್ದರು. ಮೆಮೊ ಟೈಪ್ ಮಾಡುವವಳೂ ನಾನೇ, ಆವಕ ಪುಸ್ತಕದಲ್ಲಿ ಅದನ್ನು ದಾಖಲಿಸಿ ಸಹಿ ಹಾಕಿ ಪಡೆಯುವವಳೂ ನಾನೇ. ಒಮ್ಮೆ ಮೆಮೊದಲ್ಲಿ ‘ಬೇಜವಾಬ್ದಾರಿ’ ಎಂಬ ಪದದ ದೀರ್ಘ ತಪ್ಪಿತ್ತು. ತಿದ್ದಿಕೊಂಡು ಬರಲು ಹೇಳಿದರು.

ನಾನು ಮೂರು ಸಲ ಶಿಕಾರಿಪುರಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದೆ. ಮೂರರ ಮೇಲೂ ಅವರು ಹಸಿರು ಶಾಯಿಯಲ್ಲಿ ‘ಪರಿಶೀಲಿಸಿದೆ, ಶಿಫಾರಸು ಇಲ್ಲ’ ಎಂದು ಬರೆದು ವಾಪಸು ಕೊಟ್ಟರು. ಮೂರನೆಯ ಸಲ ಕೂರಿಸಿ ಬುದ್ಧಿಯನ್ನೂ ಹೇಳಿದರು.

“ಎಲ್ರಿಗೂ ಮನೆ ಹತ್ರಾನೇ ಬೇಕು ಅಂದ್ರೆ ಶಾಲೆಗಳನ್ನ ಮನೆ ಹಿತ್ತಲಲ್ಲಿ ಕಟ್ಟಬೇಕಾಗ್ತದ್ರಿ. ನನಗೇನು ಸಂಸಾರ ಇಲ್ವಾ? ನಾನು ಯಾವತ್ತಾದ್ರೂ ವರ್ಗ ಕೇಳೀನೇನು?”

ಅವರು ಕೇಳಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅವರ ಕೋಣೆಯಿಂದ ಬುಲಾವ್ ಬಂತು. ಹೋದರೆ ಅವರು ಎದ್ದು ನಿಂತಿದ್ದರು. ಕುರ್ಚಿಯಿಂದ ಅವರು ಎದ್ದದ್ದನ್ನು ನಾನು ನೋಡಿದ್ದು ರಾಷ್ಟ್ರಗೀತೆಗೆ ಮಾತ್ರ. ಹತ್ತನೇ ತರಗತಿಯ ಆಂತರಿಕ ಅಂಕಗಳೆಲ್ಲ ಅವರ ಪೆನ್‌ಡ್ರೈವಿನಲ್ಲಿದ್ದವು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಅದು ಹೋಗಿ ಬಂದಿತ್ತು. ಈಗ ಬರೀ ಬಾಣದ ಗುರುತುಗಳು. ಅಂಕ ಕಳಿಸಲು ಮಾರನೇ ದಿನ ಕೊನೆ.

“ಎಲ್ಲಾ ಹೋಯ್ತು ಅನ್ನಿಸ್ತದೆ,” ಎಂದರು.

“ಸತ್ತಿಲ್ಲ ಸರ್, ಅಡಗಿ ಕೂತಿರಬಹುದು,” ಎಂದೆ.

ಕಪ್ಪು ಚೌಕ ತೆರೆದೆ. ಮನಸ್ಸಿನಲ್ಲೇ ಸ್ಪೇಸ್, ಸ್ಪೇಸ್ ಎಂದುಕೊಳ್ಳುತ್ತ ಟೈಪ್ ಮಾಡಿ ಎಂಟರ್ ಒತ್ತಿದೆ. ಕಪ್ಪು ಚೌಕ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪೆನ್‌ಡ್ರೈವ್ ತೆರೆದು ನೋಡಿದರೆ ಹಳದಿ ಫೋಲ್ಡರುಗಳೆಲ್ಲ ಸಾಲಾಗಿ ಕೂತಿದ್ದವು. ಅವರು ಅಂಕಗಳನ್ನು ಒಂದೊಂದಾಗಿ ತೆರೆದು ನೋಡಿದರು. ಕೊನೆಗೆ, “ಸರಿ, ಹೋಗ್ರಿ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಉಳಿದ ಹೊಗಳಿಕೆಯನ್ನು ನಮ್ಮ ಅಟೆಂಡರ್ ಹೆಂಗಸು ವಹಿಸಿಕೊಂಡಳು. ಅವಳು ಉಳವಿಯಿಂದ ಬರುವವಳು. ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದಳು. “ಎಂತ ಮಾಡಿದ್ರೋ ಗೊತ್ತಿಲ್ಲ. ಕಪ್ಪು ಹಲಗೆ ಮೇಲೆ ಬೆಳ್ಳಗೆ ಏನೋ ಬರದ್ರು, ಹೋದದ್ದೆಲ್ಲ ವಾಪಸ್ ಬಂತು,” ಎಂದು ಬಸ್ಸಿನಲ್ಲಿ ಹೇಳಿದಳಂತೆ. ವಾರದೊಳಗೆ ಜನ ಬರತೊಡಗಿದರು. ಸಹಕಾರ ಸಂಘದವರು ಬಂದರು, ಮದುವೆಯ ಫೋಟೊ ಕಳೆದುಕೊಂಡ ಸ್ಟುಡಿಯೊದವರು ಬಂದರು. ಬಂದಳಿಕೆಯ ಶಾಸನಗಳ ಚಿತ್ರ ತೆಗೆದಿಟ್ಟಿದ್ದ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕಲ್ಲಿನ ಮೇಲೆ ಅಷ್ಟು ಶತಮಾನ ನಿಂತ ಅಕ್ಷರ ಪೆನ್‌ಡ್ರೈವಿನಲ್ಲಿ ಎರಡು ತಿಂಗಳು ನಿಂತಿರಲಿಲ್ಲ. ಎಲ್ಲರಿಗೂ ನಾನು ಅದೇ ಸಾಲು ಹೊಡೆದೆ. ಎಲ್ಲರದೂ ವಾಪಸು ಬಂತು. ಏಕೆಂದರೆ ತಾಲ್ಲೂಕಿಗೆಲ್ಲ ಹರಡಿದ್ದು ಒಂದೇ ವೈರಸ್. ಬೇರೆ ಯಾವುದಾದರೂ ಬಂದಿದ್ದರೆ ನನ್ನ ಹೆಸರು ಅವತ್ತೇ ಮುಗಿಯುತ್ತಿತ್ತು. ಗಂಡನಿಗೆ ಇದನ್ನು ಹೇಳಿ, ನನಗೆ ಹೆದರಿಕೆ ಆಗುತ್ತದೆ ಎಂದೆ. ಅವರು ತಾಮ್ರದ ತಂತಿ ಸುತ್ತುತ್ತಲೇ, “ನನಗೂ ಒಂದೇ ನಮೂನಿ ಮೋಟಾರ್ ಬರ್ತತಿ. ಬ್ಯಾರೆ ಬಂದ್ರ ಬೇರಿಂಗ್ ಹೋಗೇತಿ ಅಂತೀನಿ,” ಎಂದರು.

ಅಂಕಗಳು ವಾಪಸು ಬಂದ ಮೇಲೆ ಸುಮಾರು ಒಂದು ತಿಂಗಳಿಗೆ ಹೆಡ್‌ಮಾಸ್ಟರು ಮತ್ತೆ ಕರೆದರು. ಬಾಗಿಲು ಹಾಕಲು ಹೇಳಿದರು.

“ಕಾಣಿಸೋ ಹಂಗೆ ಮಾಡೋದು ನಿಮಗೆ ಬರ್ತದೆ. ಕಾಣದ ಹಂಗೆ ಮಾಡೋದೂ ಬರಬೇಕಲ್ಲ?”

“ಮೈನಸ್ ಬದಲು ಪ್ಲಸ್ ಹಾಕಬೇಕು ಸರ್.”

“ಹಾಕ್ರಿ.”

ಪೆನ್‌ಡ್ರೈವಿನಲ್ಲಿ ಒಂದು ಫೋಲ್ಡರಿಗೆ ಬೆರಳು ತೋರಿಸಿದರು. ಅದರ ಹೆಸರು ‘ಇತರೆ’. ಒಳಗೇನಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ಲಸ್ ಎಚ್, ಪ್ಲಸ್ ಎಸ್. ಅವರ ಕಣ್ಣೆದುರೇ ಅದು ಮಾಯವಾಯಿತು. ಬೇಕಾದಾಗ ಹೆಸರು ಟೈಪ್ ಮಾಡಿ ಹೇಗೆ ತೆರೆಯಬೇಕೆಂದು ತೋರಿಸಿಕೊಟ್ಟೆ. ಅವರು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೊಂಡರು.

ಆ ಫೋಲ್ಡರ್ ನನ್ನ ತಲೆ ಕೆಡಿಸಿತು. ಅದರಲ್ಲಿ ನನ್ನ ಮೇಲಿನ ಗುಪ್ತ ವರದಿ ಇದೆ ಎಂದು ನಾನು ಖಚಿತ ಮಾಡಿಕೊಂಡೆ. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಅದರ ಒಂದೊಂದೇ ವಾಕ್ಯ ಕಲ್ಪಿಸಿಕೊಳ್ಳುತ್ತಿದ್ದೆ. ‘ಸದರಿ ನೌಕರರು ಕೇಂದ್ರಸ್ಥಾನದಲ್ಲಿ ವಾಸವಿರುವುದಿಲ್ಲ.’ ಪೆನ್‌ಡ್ರೈವ್ ಎಷ್ಟೋ ದಿನ ನನ್ನ ಮೇಜಿನ ಮೇಲೇ ಬಿದ್ದಿರುತ್ತಿತ್ತು. ತೆರೆಯಲು ಅರ್ಧ ನಿಮಿಷ ಸಾಕು. ತೆರೆಯಲಿಲ್ಲ. ಪ್ರಾಮಾಣಿಕತೆಯಿಂದ ಎಂದು ಬರೆಯಲು ಆಸೆಯಿದೆ. ನಿಜವಾಗಿ, ಕಲ್ಪಿಸಿಕೊಂಡದ್ದಕ್ಕಿಂತ ಕೆಟ್ಟದಾಗಿ ಬರೆದಿದ್ದರೆ ಏನು ಮಾಡುವುದು ಎಂಬ ಹೆದರಿಕೆ.

ಅದೇ ವರ್ಷ ತಾಲ್ಲೂಕಿನ ಮುಖ್ಯ ಶಿಕ್ಷಕರ ಸಭೆ ನಮ್ಮ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಜಿಲ್ಲೆಯಿಂದ ಅಧಿಕಾರಿ ಬರುವವರಿದ್ದರು. ನಮ್ಮ ಹೆಡ್‌ಮಾಸ್ಟರ ಶಿಸ್ತಿನ ಖ್ಯಾತಿ ಅವರವರೆಗೂ ಹೋಗಿತ್ತು. ಹಾಗಾಗಿ ಒಂದು ಉಪನ್ಯಾಸ ಕೊಡಲು ಸೂಚನೆ ಬಂತು. ವಿಷಯ: ‘ಕೇಂದ್ರಸ್ಥಾನದಲ್ಲಿ ವಾಸ ಮತ್ತು ಶಿಕ್ಷಕನ ಬದ್ಧತೆ’. ಅವರು ಎರಡು ವಾರ ಸ್ಲೈಡುಗಳನ್ನು ತಯಾರಿಸಿದರು. ಹಿಂದಿನ ದಿನ ಬಣ್ಣದ ಪ್ರಿಂಟಿಗಾಗಿ ಪೆನ್‌ಡ್ರೈವನ್ನು ಅದೇ ಜೆರಾಕ್ಸ್ ಅಂಗಡಿಗೆ ಕೊಟ್ಟರು.

ಸಭೆಯಲ್ಲಿ ನಾನು ಹಿಂದೆ ನಿಂತು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದೆ. ವೇದಿಕೆಯ ಮೇಲೆ ಅಧಿಕಾರಿಯ ಲ್ಯಾಪ್‌ಟಾಪು, ಗೋಡೆಯ ತುಂಬ ಪ್ರೊಜೆಕ್ಟರಿನ ಬೆಳಕು. ಪೆನ್‌ಡ್ರೈವ್ ಹಾಕಿದರು. ಗೋಡೆಯ ಮೇಲೆ ಬರೀ ಬಾಣದ ಗುರುತು.

“ನಮ್ಮ ಮೇಡಂ ಇದಾರೆ,” ಎಂದು ಹೆಡ್‌ಮಾಸ್ಟರು ಮೈಕಿನಲ್ಲೇ ಹೇಳಿದರು. ‘ನಮ್ಮ’ ಎಂದದ್ದು ಅದೇ ಮೊದಲು.

ಹೋಗಿ ಕೂತೆ. ಕಪ್ಪು ಚೌಕ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಇಡೀ ಸಭೆ ನೋಡುತ್ತಿತ್ತು. ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಕೊನೆಗೆ ಓರೆಗೆರೆಯ ಎರಡು ಅಕ್ಷರ. ಎಂಟರ್ ಒತ್ತಿದ ಬೆರಳು ಇನ್ನೂ ಕೀಲಿಯ ಮೇಲಿರುವಾಗಲೇ ನನಗೆ ನೆನಪಾಯಿತು. ವೈರಸ್ ಅಡಗಿಸಿದ್ದು ಯಾವುದು, ನಾನು ಅಡಗಿಸಿದ್ದು ಯಾವುದು ಎಂಬ ಭೇದ ಆ ಸಾಲಿಗೆ ಗೊತ್ತಿಲ್ಲ. ಅದು ಎಲ್ಲವನ್ನೂ ಬಯಲಿಗೆ ತರುತ್ತದೆ.

ನಿಜವಾಗಿ ಮರೆತಿದ್ದೆನೇ? ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ತಿಂಗಳುಗಟ್ಟಲೆ ದಿನವೂ ನೆನೆಸಿಕೊಂಡ ಫೋಲ್ಡರನ್ನು ಆ ಒಂದು ನಿಮಿಷದಲ್ಲಿ ಮಾತ್ರ ಹೇಗೆ ಮರೆತೆ?

ಫೋಲ್ಡರುಗಳು ಗೋಡೆಯ ಮೇಲೆ ಬಂದವು. ಯಾರೋ ಚಪ್ಪಾಳೆ ತಟ್ಟಿದರು. ಅಕಾರಾದಿಯಾಗಿ ‘ಇತರೆ’ ಎಲ್ಲಕ್ಕಿಂತ ಮೇಲೆ ಕೂತಿತ್ತು. ನಾನು ಮೌಸ್ ಹಿಡಿಯುವ ಮೊದಲೇ ಅಧಿಕಾರಿ, ಆಗಲೇ ತಡವಾಗಿದೆ ಎಂಬ ಅವಸರದಲ್ಲಿ, “ಇದೇ ಏನ್ರೀ ನಿಮ್ಮ ಭಾಷಣ?” ಎನ್ನುತ್ತ ಅದನ್ನು ತೆರೆದರು.

ಒಳಗೆ ಹನ್ನೊಂದು ಫೈಲುಗಳಿದ್ದವು. ‘ವರ್ಗಾವಣೆ ಕೋರಿಕೆ ಒಂದು’, ‘ವರ್ಗಾವಣೆ ಕೋರಿಕೆ ಎರಡು’, ಹೀಗೆ ಹನ್ನೊಂದರವರೆಗೆ. ಅಧಿಕಾರಿ ಮೊದಲನೆಯದನ್ನು ತೆರೆದರು. ಅರ್ಜಿದಾರರ ಜಾಗದಲ್ಲಿ ನಮ್ಮ ಹೆಡ್‌ಮಾಸ್ಟರ ಹೆಸರು. ಕೋರಿದ ಸ್ಥಳ: ಶಿಕಾರಿಪುರ. ಕಾರಣ: ತಾಯಿಯವರ ಅನಾರೋಗ್ಯ, ಮಗಳ ವಿದ್ಯಾಭ್ಯಾಸ, ಪತ್ನಿಯ ಪಾಳಿ ಕೆಲಸ.

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನರಿಗೆ ಅವರು ಒಂದಲ್ಲ ಒಂದು ದಿನ ವರ್ಗ ಕೇಳಬಾರದು ಎಂದು ಬುದ್ಧಿ ಹೇಳಿದವರೇ. ಎಲ್ಲರೂ ಗೋಡೆ ಓದುತ್ತಿದ್ದರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಇವು ಯಾವುವೂ ನಮ್ಮ ಕಚೇರಿಗೆ ಬಂದಿಲ್ವಲ್ರೀ?”

“ಕಳಿಸಿಲ್ಲ ಸರ್,” ಎಂದರು ಹೆಡ್‌ಮಾಸ್ಟರು. “ವರ್ಷಕ್ಕೊಂದು ಸಲ ಕಳಿಸ್ಬೇಕು ಅಂತ ಬರೀತಿದ್ದೆ. ಬರೆದ ಮೇಲೆ ಕಳಿಸೋದು ಸರಿ ಕಾಣ್ತಿರ್ಲಿಲ್ಲ.”

ಮೈಕು ಅವರ ಕೈಯಲ್ಲೇ ಇದ್ದುದರಿಂದ ಅದು ಕೊನೆಯ ಸಾಲಿನವರೆಗೂ ಕೇಳಿಸಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಕೆಳಗಿಳಿದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನತ್ತ ತಿರುಗಿ, “ಎರಡನೇ ಫೋಲ್ಡರ್ ತೆಗೀರಿ,” ಎಂದರು. ತೆಗೆದೆ. ಕೇಂದ್ರಸ್ಥಾನದಲ್ಲಿ ವಾಸ ಮತ್ತು ಶಿಕ್ಷಕನ ಬದ್ಧತೆಯ ಬಗ್ಗೆ ಎಲ್ಲ ಸ್ಲೈಡುಗಳನ್ನೂ, ಒಂದನ್ನೂ ಬಿಡದೆ, ಓದಿ ವಿವರಿಸಿದರು. ನಡುವೆ ಎರಡು ಸಲ ನೀರು ಕುಡಿದರು. ಮುಗಿದಾಗ ಸಭೆ ಎಂದಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಅದಕ್ಕೇನು ಅರ್ಥ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಊಟದ ಹೊತ್ತಿಗೆ ಅಟೆಂಡರ್ ನನ್ನ ಪಕ್ಕ ಬಂದು ಕೂತಳು. “ಎಂತ ಮೇಡಂ, ಇದನ್ನೂ ನೀವೇ ತೆಗೆದದ್ದಾ?” ಎಂದಳು. ನಾನು ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದೆ.

ಮಾರನೆಯ ದಿನ ಬುಲಾವ್ ಬಂದಾಗ ಮೆಮೊ ಎಂದೇ ಹೋದೆ. ಮೇಜಿನ ಮೇಲೆ ಪೆನ್‌ಡ್ರೈವ್ ಇತ್ತು.

“ಹನ್ನೊಂದನೇದು ಪ್ರಿಂಟ್ ತೆಗೀರಿ. ದಿನಾಂಕ ಬದಲಾಯಿಸಿ. ಅಧಿಕಾರಿಗಳು ಕಳಿಸ್ರಿ ಅಂದಿದಾರೆ.”

“ಸರ್, ನಿನ್ನೆ ನಾನು...”

“ನಿಮಗೆ ಹೇಳಿದ ಕೆಲಸ ನೀವು ಮಾಡಿದ್ರಿ,” ಎಂದರು. ನನ್ನ ಮುಖ ನೋಡಲಿಲ್ಲ.

ನನ್ನ ಕೋಣೆಯಲ್ಲಿ, ಅನುಮತಿ ಸಿಕ್ಕ ಹಾಗಾಯಿತೆಂದುಕೊಂಡು, ಹನ್ನೊಂದನ್ನೂ ಓದಿದೆ. ಮೊದಲ ಕೆಲವು ಅರ್ಜಿಗಳಲ್ಲಿ ತಾಯಿಯ ಅನಾರೋಗ್ಯ ಪುಟದ ಅರ್ಧದಷ್ಟಿತ್ತು. ಐದನೆಯದರಿಂದ ತಾಯಿಯ ಮಾತೇ ಇಲ್ಲ. ಎಂಟನೆಯದರಿಂದ ಮಗಳ ವಿದ್ಯಾಭ್ಯಾಸವೂ ಇಲ್ಲ. ಅವಳು ಓದು ಮುಗಿಸಿ ಮದುವೆಯಾಗಿ ಹೋಗಿದ್ದಳು. ಹನ್ನೊಂದನೆಯದರಲ್ಲಿ ಕಾರಣ ಎಂಬ ಜಾಗದಲ್ಲಿ ಒಂದೇ ಪದವಿತ್ತು: ವಯಸ್ಸು. ನನ್ನ ಮೇಲಿನ ಗುಪ್ತ ವರದಿಯನ್ನು ಹುಡುಕಿದೆ. ಎಲ್ಲೂ ಇರಲಿಲ್ಲ. ಅವರ ಗಮನದಲ್ಲಿ ನಾನು ಅಷ್ಟು ದೊಡ್ಡ ವ್ಯಕ್ತಿಯೇ ಆಗಿರಲಿಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು.

ಪ್ರಿಂಟ್ ತೆಗೆದು ಸಹಿಗೆ ಇಟ್ಟೆ. ಕಳಿಸಿದ ಮೇಲೆ ಆದೇಶ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಹನ್ನೊಂದು ವರ್ಷ ಅಡಗಿ ಕೂತದ್ದು ಎರಡೂವರೆ ತಿಂಗಳಲ್ಲಿ ಮಂಜೂರಾಯಿತು.

ಹೊರಡುವ ದಿನ ಅವರು ನನ್ನ ನಾಲ್ಕನೆಯ ಅರ್ಜಿಯನ್ನು ತಾವಾಗಿಯೇ ಕೇಳಿದರು. ಅಲ್ಲೇ ಕೂತು ಬರೆದೆ. ಅವರು ಹಸಿರು ಶಾಯಿಯಲ್ಲಿ ಅರ್ಧ ಪುಟ ಶಿಫಾರಸು ಬರೆದರು. ‘ಸದರಿ ನೌಕರರು ಅತ್ಯಂತ ದಕ್ಷರು. ಕಂಪ್ಯೂಟರ್ ಜ್ಞಾನದಲ್ಲಿ ಇಡೀ ತಾಲ್ಲೂಕಿನಲ್ಲಿ ಇವರಿಗೆ ಸಮಾನರಿಲ್ಲ. ಇವರ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸುವುದು.’ ಓದಿ ನನ್ನ ಕಣ್ಣು ಒದ್ದೆಯಾಯಿತು. ಹನ್ನೊಂದು ವರ್ಷದ ಫೋಲ್ಡರನ್ನು ಬಯಲು ಮಾಡಿದವಳಿಗೆ ಆ ಮನುಷ್ಯ ಕೊಟ್ಟದ್ದು ಇದು.

ಉತ್ತರ ಬಂದದ್ದನ್ನು ಹೊಸ ಹೆಡ್‌ಮಿಸ್ಟ್ರೆಸ್ ಓದಿ ಹೇಳಿದರು. ಇಷ್ಟು ದಕ್ಷ ನೌಕರರ ಸೇವೆ ಸದರಿ ಶಾಲೆಗೆ ಅತ್ಯಗತ್ಯವಾಗಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ.

“ಒಳ್ಳೆ ಹೆಸರು ಇದೆ ನಿಮಗೆ,” ಎಂದರು ಅವರು, ಮೆಚ್ಚುಗೆಯಿಂದಲೇ.

ಕೆಲವು ತಿಂಗಳ ನಂತರ ಹಳೆಯ ಕಾಗದವೊಂದಕ್ಕೆ ಹಿಂದಿನ ಹೆಡ್‌ಮಾಸ್ಟರ ಸಹಿ ಬೇಕಾಯಿತು. ಭಾನುವಾರ ಶಿಕಾರಿಪುರದ ಅವರ ಮನೆಗೆ ಹೋದೆ. ಅವರು ಲುಂಗಿಯಲ್ಲಿ, ತರಕಾರಿ ಚೀಲ ಹಿಡಿದು ಆಗಷ್ಟೇ ಪೇಟೆಯಿಂದ ಬಂದಿದ್ದರು. ನನ್ನನ್ನು ನೋಡಿ ನಕ್ಕರು. ಅವರ ಹಲ್ಲುಗಳನ್ನು ನಾನು ನೋಡಿದ್ದು ಆವಾಗಲೇ. ಅರ್ಜಿ ಏನಾಯಿತೆಂದು ಕೇಳಿದರು. ಹೇಳಿದೆ.

“ನಾನು ಒಳ್ಳೇದೇ ಬರೆದಿದ್ನಲ್ರೀ,” ಎಂದರು, ನಿಜವಾಗಿಯೂ ನೊಂದು.

“ಅದಕ್ಕೇ ಆಗಲಿಲ್ಲ ಸರ್.”

ಅವರು ಪೆನ್ನು ಹುಡುಕಲು ಒಳಗೆ ಹೋದರು.

ಅವರ ಹೆಂಡತಿ ಚಹಾ ತಂದುಕೊಟ್ಟು ಎದುರಿಗೆ ಕೂತರು. ಬಾಗಿಲ ಪಕ್ಕ ಗೋಡೆಗೆ ದಾರ ಕಟ್ಟಿ ಒಂದು ವಹಿ ತೂಗಿಬಿಟ್ಟಿತ್ತು. ಹೊರಗೆ ಹೋದ ಸಮಯ, ಹೋದ ಸ್ಥಳ, ವಾಪಸು ಬಂದ ಸಮಯ ಎಂದು ಹಸಿರು ಶಾಯಿಯಲ್ಲಿ ಕಾಲಂ ಎಳೆದಿದ್ದರು. ಅಂದಿನ ಮೊದಲ ಸಾಲಿನಲ್ಲಿ ಹಾಲಿನ ಡೈರಿ ಎಂದಿತ್ತು, ಕೆಳಗೆ ಆಕೆಯ ಸಹಿ.

ನಾನು ಅದನ್ನೇ ನೋಡುತ್ತಿದ್ದುದನ್ನು ಆಕೆ ಗಮನಿಸಿದರು.

“ಶನಿವಾರ ಬರ್ತಿದ್ರು, ಸೋಮವಾರ ಹೋಗ್ತಿದ್ರು. ಬಂದಾಗ ಚೊಲೋ ಅನ್ನಸ್ತಿತ್ತು,” ಎಂದರು ಮೆಲ್ಲಗೆ. “ಈಗ ದಿನಾ ಇಲ್ಲೇ ಇರ್ತಾರ ನೋಡ್ರಿ.”

ನಾನು ಚಹಾ ಕುಡಿದೆ.

“ಆ ಪೆನ್‌ಡ್ರೈವ್ ಸರಿ ಮಾಡಿದೋರು ನೀವಾ?”

“ಹೌದು,” ಎಂದೆ.

ಆಕೆ ಎದ್ದು, ನನ್ನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇದ್ದರೂ, ಅದನ್ನು ತೆಗೆದುಕೊಂಡು ಒಳಗೆ ಹೋದರು.